ನಮ್ಮ ಅರ್ಜಿ ತಿದ್ದಿದ ಮಾಸ್ತರರು

ನಮ್ಮ ಇಂಗ್ಲಿಷ್ ಮಾಸ್ತರರು ತೀರಿಕೊಂಡ ಸುದ್ದಿ ನನಗೆ ಹದಿನೈದು ದಿನ ತಡವಾಗಿ ತಲುಪಿತು. ಅದೂ ಕೊಪ್ಪಳದ ಸಂತೆಯಲ್ಲಿ, ಒಣಮೆಣಸಿನಕಾಯಿ ಆರಿಸುತ್ತಿದ್ದಾಗ. ಹೇಳಿದವನು ಕಿನ್ನಾಳದ ನಿಂಗಪ್ಪ, ನನ್ನ ಜೊತೆ ಅವರ ಕೈಕೆಳಗೆ ಓದಿದವನು. "ಮಾಸ್ತರು ಹೋದ್ರಂತಪಾ" ಎಂದ. ಇಬ್ಬರೂ ದಾರಿಗೆ ಅಡ್ಡವಾಗಿ ನಿಂತುಬಿಟ್ಟೆವು. ಮೆಣಸಿನಕಾಯಿ ಮಾರುವವಳು, ತಗೊಳ್ಳುವುದಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಹಿಂದಿನವರಿಗೆ ಜಾಗ ಬಿಡಿ ಎಂದು ಗದರಿದಳು. ಘಾಟಿಗೆ ಮೊದಲೇ ಕಣ್ಣಲ್ಲಿ ನೀರು ಬಂದಿತ್ತಾದ್ದರಿಂದ ನಾವು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಶಾಲೆಯ ಹೆಸರನ್ನೂ ಬರೆಯುವುದಿಲ್ಲ. ಒಮ್ಮೆ ಕಚೇರಿಯ ಕಾಗದದಲ್ಲಿ ಅವರ ಹೆಸರು ಬರೆದವನು ನಾನೇ. ಅದರಿಂದ ಏನಾಯಿತೆಂದು ಮುಂದೆ ಹೇಳುತ್ತೇನೆ. ಒಬ್ಬ ಮನುಷ್ಯನಿಗೆ ಒಂದು ಸಲ ಮಾಡಿದ ಉಪಕಾರ ಸಾಕು.

ಅದು ನಿಜಾಮರ ಕಾಲ, ಯುದ್ಧ ನಡೆದಿದ್ದ ವರ್ಷಗಳು. ನಮ್ಮದು ಮೂರು ಭಾಷೆಗಳ ಬಾಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಹೈದರಾಬಾದಿನಿಂದ ಬರುವ ಮೆಟ್ರಿಕ್ ಪರೀಕ್ಷೆಯಲ್ಲಿ ಇಂಗ್ಲಿಷ್. ಆ ಇಂಗ್ಲಿಷನ್ನು ಉರ್ದುವಿಗೆ, ಉರ್ದುವನ್ನು ಇಂಗ್ಲಿಷಿಗೆ ತರ್ಜುಮೆ ಮಾಡಬೇಕು. ಕೊನೆಯ ಇಯತ್ತೆಯಲ್ಲಿ ನಾವು ಐದೇ ಜನ. ಯಾರೂ ಎಳೆಯರಲ್ಲ. ನಡುನಡುವೆ ಶಾಲೆ ಬಿಟ್ಟು, ಹೊಲ ಅಂಗಡಿ ನೋಡಿಕೊಂಡು, ಮತ್ತೆ ಬಂದು ಸೇರಿದವರು. ಯಲಬುರ್ಗಾದವನೊಬ್ಬನಿಗೆ ಮದುವೆಯೂ ಆಗಿತ್ತು. ನಾನು ಗಂಗಾವತಿಯ ಅಕ್ಕಿ ವ್ಯಾಪಾರಿಯ ಮಗ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನೇಕಾರರ ಮನೆಯ ಒಂದು ಕೋಣೆ ಹಿಡಿದುಕೊಂಡು, ಮಗ್ಗದ ಸದ್ದಿನಲ್ಲಿ ಓದುತ್ತಿದ್ದೆ.

ಮಾಸ್ತರರು ಗಿಡ್ಡ ಆಳು. ಕರಿ ಟೊಪ್ಪಿಗೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು. ಬಳ್ಳಾರಿಯ ಕಡೆ ಮೆಟ್ರಿಕ್‌ವರೆಗೆ ಓದಿ, ಗಣಿತದಲ್ಲಿ ನಪಾಸಾಗಿ, ರೈಲ್ವೆ ಸ್ಟೇಷನ್ನಿನಲ್ಲಿ ತಾರು ಕಳಿಸುವ ಕೆಲಸಕ್ಕೆ ಸೇರಿದ್ದರಂತೆ. ಅದನ್ನು ಏಕೆ ಬಿಟ್ಟರೋ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ತಾರು ಬಿಟ್ಟರೂ ತಾರಿನ ಚಟ ಅವರನ್ನು ಬಿಟ್ಟಿರಲಿಲ್ಲ. ಪಾಠ ಮಾಡುವಾಗ ಬಲಗೈಯ ತೋರುಬೆರಳು ಮೇಜಿನ ಮೇಲೆ ಟಕಟಕ ಎನ್ನುತ್ತಲೇ ಇರುತ್ತಿತ್ತು. ಸಿಟ್ಟು ಬಂದರೆ ಬಾಯಿ ಮುಚ್ಚುತ್ತಿತ್ತು, ಬೆರಳಿನ ವೇಗ ಹೆಚ್ಚುತ್ತಿತ್ತು. ಯಾರನ್ನು ಬೈಯುತ್ತಿದ್ದಾರೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲವಾದ್ದರಿಂದ ಐವರೂ ಹೆದರುತ್ತಿದ್ದೆವು.

ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ ಇಂಗ್ಲಿಷ್ ಬರುವವರೇ ಇಲ್ಲದ ಊರಿನಲ್ಲಿ ಇವರು ಮಾಸ್ತರರಾದರು ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ಅವರ ಪಾಠ ಒಂದು ದಿನ ಕೇಳಿದ್ದರೆ ಸುಮ್ಮನಾಗುತ್ತಿದ್ದರು. ದಿನಕ್ಕೆ ಹತ್ತು ಹೊಸ ಶಬ್ದ ಕೊಡುತ್ತಿದ್ದರು. ಬಾಯಿಪಾಠ ಒಪ್ಪಿಸಿದರೆ ಸಾಲದು. ಆ ಶಬ್ದವನ್ನು ಊರಿನಲ್ಲಿ ಎಲ್ಲಿ ಕಂಡೆ ಎಂದು ಮರುದಿನ ಹೇಳಬೇಕು. 'ರಿಲಕ್ಟಂಟ್', ಅಂದರೆ ಮನಸ್ಸಿಲ್ಲದ ಮನಸ್ಸಿನ, ಎಂಬ ಶಬ್ದ ನಿಂಗಪ್ಪನ ಪಾಲಿಗೆ ಬಂದಾಗ ಅವನು ತನ್ನ ಅಪ್ಪನನ್ನು ಹೇಳಿದ. ಕಿನ್ನಾಳದಲ್ಲಿ ಅವರದು ಗೊಂಬೆಗೆ ಬಣ್ಣ ಬರೆಯುವ ಮನೆತನ. ಸಾಹುಕಾರನೊಬ್ಬ ಗೌರಿಯ ಗೊಂಬೆಗೆ ತನ್ನ ಹೆಂಡತಿಯ ಸೀರೆಯದೇ ಬಣ್ಣ ಬೇಕೆಂದು ಹಟ ಹಿಡಿದಿದ್ದನಂತೆ. ಅಪ್ಪ ಆ ಬಣ್ಣ ಕಲಸುವಾಗ ಚಿಪ್ಪಿನಲ್ಲಿ ಕಡ್ಡಿ ತಿರುಗಿಸುತ್ತಿದ್ದ ರೀತಿಯೇ ರಿಲಕ್ಟಂಟ್ ಎಂದ. ಮಾಸ್ತರರಿಗೆ ಎಷ್ಟು ಸಂತೋಷವಾಯಿತೆಂದರೆ ಆ ಕಡ್ಡಿ ತಿರುಗಿಸುವುದನ್ನು ಅವನಿಂದ ಎರಡು ಸಲ ಮಾಡಿಸಿದರು. ನನಗೆ 'ಎಲೊಕ್ವೆಂಟ್', ಅಂದರೆ ಮಾತಿನಲ್ಲಿ ಚತುರ, ಬಂದಿತ್ತು. ಊರೆಲ್ಲ ಹುಡುಕಿ ಯಾರೂ ಸಿಗದೆ ನಾನೇ ಎಂದೆ. ಅವರು ನಗಲಿಲ್ಲ, ಇನ್ನೊಂದು ದಿನ ಹುಡುಕಿ ಬಾ ಎಂದರು.

ಬರೆಯುವುದಕ್ಕೆ ಅವರದು ಒಂದೇ ಕಟ್ಟಳೆ. "ಕಣ್ಣಿಗೆ ಕಂಡದ್ದು ಬರೀರಿ. ಉಳಿದದ್ದನ್ನ ಓದಾಂವ ತಿಳಕೊಂತಾನ." ತಾರಿನಲ್ಲಿ ಹೆಚ್ಚಿನ ಶಬ್ದಕ್ಕೆ ಜಾಗವಿಲ್ಲವಲ್ಲ, ಆ ಶಿಸ್ತು. ತರ್ಜುಮೆಗೆ ಇನ್ನೊಂದು ಕಟ್ಟಳೆ ಇತ್ತು. ಪರೀಕ್ಷೆಗೆ ಬೇಕಾದದ್ದು ಉರ್ದುವಾದರೂ ಮೊದಲು ಕನ್ನಡದಲ್ಲಿ ಹೇಳಿಸುತ್ತಿದ್ದರು. ಮನೆಯಲ್ಲಿ ತಿಳಿಯದ್ದು ಕಚೇರಿಯಲ್ಲಿ ತಿಳಿಯುವುದಿಲ್ಲ ಎಂದು ಅವರ ವಾದ.

ತರ್ಜುಮೆಯ ಪಾಠಕ್ಕೆ ಪುಸ್ತಕ ಇರಲಿಲ್ಲ. ಊರ ಜನ ತಮಗೆ ಬಂದ ಇಂಗ್ಲಿಷ್ ಕಾಗದಗಳನ್ನು ಓದಿಸಿಕೊಳ್ಳಲು ಅವರ ಬಳಿ ತರುತ್ತಿದ್ದರು. ರೈಲ್ವೆಯವರ ನೋಟೀಸು, ಗಡಿಯಾಚೆಯ ಬ್ರಿಟಿಷ್ ಕೋರ್ಟಿನ ಕಾಗದ, ದಂಡಿಗೆ ಹೋದ ಮಗನ ಸಂಗತಿ. ಮಾಸ್ತರರು ಅವರಿಗೆ ಅರ್ಥ ಹೇಳಿ ಕಳಿಸಿ, ನಾಲ್ಕು ಸಾಲು ಬರೆದಿಟ್ಟುಕೊಂಡು, ಹೆಸರು ತೆಗೆದು, ಮರುದಿನ ಹಲಗೆಯ ಮೇಲೆ ಬರೆಯುತ್ತಿದ್ದರು. ಯಾರದೆಂದು ಕೇಳಬಾರದು. ನಾವು ಇನ್ನೊಬ್ಬರ ಸುಖದುಃಖದ ಮೇಲೆ ಇಂಗ್ಲಿಷ್ ಕಲಿತೆವು.

ಒಂದು ದಿನ ಹಲಗೆಯ ಮೇಲೆ ಹೊಸ ಸಾಲುಗಳು ಬಂದವು. ನಿಗದಿಯಾದ ಸನದು, ಅಂದರೆ ಅರ್ಹತಾಪತ್ರ, ಇಲ್ಲದ ಸಹಾಯಕ ಮಾಸ್ತರರ ಸೇವೆ ಈ ಶಾಲಾ ವರ್ಷದ ಕೊನೆಯ ನಂತರ ಬೇಕಾಗುವುದಿಲ್ಲ ಎಂಬುದು ಅದರ ಅರ್ಥ. ನಾನು ದೊಡ್ಡ ದೊಡ್ಡ ಮಾತು ಹಾಕಿ ಮೂರು ಸಾಲು ಎಳೆದೆ. ನಿಂಗಪ್ಪ ಎದ್ದು, "ಸನದಿಲ್ಲದ ಮಾಸ್ತರನ ಚಾಕರಿ ಈ ವರ್ಷಕ್ಕ ಸಾಕು" ಎಂದ. ಮಾಸ್ತರರು ಅವನನ್ನು ಹೊಗಳಿದರು. ಅವನಷ್ಟು ಚೊಕ್ಕವಾಗಿ ಮೇಲಿನವರೂ ಬರೆದಿಲ್ಲ ಎಂದರು. ಆಗ ಹೆಡ್ ಮಾಸ್ತರರು ಬಾಗಿಲಿಗೆ ಬಂದರು. ಹೈದರಾಬಾದಿನ ಕಡೆಯ ಸಾಹೇಬರು ಅವರು, ಮೆತ್ತನೆಯ ಮನುಷ್ಯ. ಹಲಗೆ ಓದಿದರು. ಒಳಗೆ ಬಂದು, ಕೈವಸ್ತ್ರದಿಂದ ತಾವೇ ಅದನ್ನು ಒರೆಸಿ, ನಮ್ಮ ಕಡೆ ನೋಡದೆ ಹೋದರು. ಕಾಗದ ಯಾರದೆಂದು ಆಗ ನಮಗೆ ತಿಳಿಯಿತು. ನಿಂಗಪ್ಪ ಇನ್ನೂ ನಿಂತೇ ಇದ್ದ.

ಇಲ್ಲಿ ಗಣಿತದ ವಿಷಯ ಹೇಳಬೇಕು. ಸನದಿಲ್ಲದ ಮಾಸ್ತರರಿಗಾಗಿ ವರ್ಷಕ್ಕೊಮ್ಮೆ ಒಂದು ಪರೀಕ್ಷೆ ಇರುತ್ತಿತ್ತು. ಕೆಲಸದಲ್ಲಿದ್ದವರು ಮಾತ್ರ ಅದಕ್ಕೆ ಕೂಡಬಹುದು. ಮಾಸ್ತರರು ಎರಡು ಸಲ ಕೂತು ಗಣಿತದಲ್ಲಿ ಬಿದ್ದಿದ್ದರು. ಶಾಲೆ ಬಿಟ್ಟ ಮೇಲೆ ಅವರಿಗೆ ಬೀಜಗಣಿತ ಹೇಳಿಕೊಡುತ್ತಿದ್ದವನು ನಾನು. ಅವರೇ ಕೇಳಿಕೊಂಡಿದ್ದರು. ನಾನು ಖುರ್ಚಿಯ ಮೇಲೆ ಕೂಡಬೇಕು, ಅವರು ಬೆಂಚಿನ ಮೇಲೆ. ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿತ್ತು. ಎಕ್ಸ್ ಎಂದರೆ ಗೊತ್ತಿಲ್ಲದ ಸಂಖ್ಯೆ ಎಂದು ನಾನು ಹೇಳಿದರೆ, ಗೊತ್ತಿಲ್ಲದ್ದನ್ನು ಹೇಗೆ ಬರೆಯುವುದು ಎಂದು ಅವರ ತಕರಾರು. ಆ ವರ್ಷ ಮಾತ್ರ ದಾರಿಗೆ ಬಂದಿದ್ದರು. ಹತ್ತು ಲೆಕ್ಕ ಕೊಟ್ಟರೆ ಆರು ಸರಿ ಮಾಡುತ್ತಿದ್ದರು. ಇನ್ನೊಂದು ವರ್ಷ ಸಿಕ್ಕಿದ್ದರೆ ಪಾಸಾಗುತ್ತಿದ್ದರು. ಇದು ಗುರುಭಕ್ತಿಯ ಮಾತಲ್ಲ, ಲೆಕ್ಕ ಕಲಿಸಿದವನ ಮಾತು. ಪಾಸಾದರೆ ಸನದು, ಸನದು ಬಂದರೆ ನೌಕರಿ ಕಾಯಂ. ಬೇಕಾದದ್ದು ಒಂದೇ ಒಂದು ವರ್ಷ.

ಆ ವರ್ಷವನ್ನು ಕೇಳಲು ನಾವು ಐವರು ಅರ್ಜಿ ಬರೆಯುವುದೆಂದು ನಿಶ್ಚಯಿಸಿದೆವು. ಉರ್ದುವಿನಲ್ಲಿ ಬರೆಯಬಹುದಿತ್ತು, ಅದೇ ರೂಢಿ. ಆದರೆ ಆಗ ಮೇಲಿನ ಕಚೇರಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಬರೆಯದ ಅಧಿಕಾರಿಯೊಬ್ಬರಿದ್ದರು. ಮಾಸ್ತರರ ಬಗ್ಗೆ ನಾವು ಏನಾದರೂ ಹೇಳುವುದಕ್ಕಿಂತ ಅವರು ಕಲಿಸಿದ ಇಂಗ್ಲಿಷನ್ನೇ ತೋರಿಸಿದರೆ ಆಯಿತಲ್ಲ ಎಂದವನು ನಾನು. ಎಲ್ಲರೂ ಭೇಷ್ ಎಂದರು. ಆ ಬುದ್ಧಿ ನನಗೆ ಯಾಕೆ ಬಂತೋ ಎಂದು ಇಂದಿಗೂ ಹಲುಬುತ್ತೇನೆ.

ಮೂರು ದಿನ ನನ್ನ ಕೋಣೆಯಲ್ಲಿ ಕೂತು ಬರೆದೆವು. ನಾವು ಕಲಿತ ಶಬ್ದಗಳಲ್ಲಿ ಒಂದನ್ನೂ ಮನೆಯಲ್ಲಿ ಬಿಡಲಿಲ್ಲ. ಮಾಸ್ತರರು ಸೂರ್ಯನಾದರು, ಸಮುದ್ರವಾದರು, ನಮ್ಮ ತಂದೆಯಾದರು, ಇಡೀ ಸಂಸ್ಥಾನದಲ್ಲಿ ಅತ್ಯುತ್ತಮ ಶಿಕ್ಷಕರಾದರು. ಎರಡು ಪುಟ ತುಂಬಿತು. ಇನ್ನು ಯಾರಾದರೂ ತಿದ್ದಬೇಕು. ಒಬ್ಬ ವಕೀಲರಿದ್ದರು. ಸರಕಾರದ ಹುಕುಮಿಗೆ ಎದುರು ಬರೆದ ಕಾಗದವನ್ನು ಮುಟ್ಟುವುದಿಲ್ಲ ಎಂದು ಕೈ ಮುಗಿದರು. ಸ್ಟೇಷನ್ ಮಾಸ್ತರರು ರಜೆಯ ಮೇಲಿದ್ದರು.

ನಾಲ್ಕು ವರ್ಷದಿಂದ ನಮಗೊಂದು ಅಭ್ಯಾಸ ಬಿದ್ದಿತ್ತು. ಮಾಸ್ತರರ ಕೆಂಪು ಪೆನ್ಸಿಲ್ ಆಡದ ಇಂಗ್ಲಿಷ್ ನಮ್ಮ ಕೈಯಿಂದ ಹೊರಗೆ ಹೋಗುತ್ತಿರಲಿಲ್ಲ. ಸ್ನಾನ ಮಾಡದೆ ಉಣ್ಣುವುದಿಲ್ಲ ಎನ್ನುವವರಿಲ್ಲವೇ, ಹಾಗೆ. ಐದು ಜನ ಕೂತು ವಿಚಾರ ಮಾಡಿದೆವು, ಐವರಿಗೂ ಬೇರೆ ದಾರಿ ಹೊಳೆಯಲಿಲ್ಲ. ಹೆಸರು ತೆಗೆದು, 'ಒಂದು ಊರಿನ ಒಬ್ಬ ಮಾಸ್ತರು' ಎಂದು ಹಾಕಿ, ಅಭ್ಯಾಸಕ್ಕೆ ಬರೆದದ್ದು ಎಂದು ಸುಳ್ಳು ಹೇಳಿ ಅವರ ಮುಂದೆ ಇಟ್ಟೆವು.

ಅವರು ಓದಿದರು. ಒಂದು ಸಲ ತಲೆ ಎತ್ತಿ ಐವರನ್ನೂ ನೋಡಿದರು. "ಅಭ್ಯಾಸ ಅಂದೀರಿ, ಅಭ್ಯಾಸ ತಿದ್ದಿದಂಗ ತಿದ್ದತೀನಿ" ಎಂದು ಪೆನ್ಸಿಲ್ ತೆಗೆದರು. ಸೂರ್ಯ ಹೋಯಿತು, ಸಮುದ್ರ ಹೋಯಿತು. ಅತ್ಯುತ್ತಮ ಶಿಕ್ಷಕ ಎಂಬಲ್ಲಿ ನಿಂತು, ನೀವು ಎಷ್ಟು ಮಾಸ್ತರರನ್ನು ನೋಡಿದ್ದೀರಿ ಎಂದು ಕೇಳಿ ಅದನ್ನೂ ಹೊಡೆದರು. ತಂದೆ ಎಂಬಲ್ಲಿ, ನಿಮ್ಮಪ್ಪಂದಿರು ಮನೆಯಲ್ಲಿದ್ದಾರಲ್ಲ ಎಂದರು. ಕೊನೆಗೆ ಉಳಿದದ್ದು ಎಂಟು ಸಾಲು. ಇವರು ನಮಗೆ ನಾಲ್ಕು ವರ್ಷ ಕಲಿಸಿದ್ದಾರೆ. ಇವರ ಹತ್ತಿರ ಕಲಿತವರಲ್ಲಿ ಇಂಗ್ಲಿಷಿನಲ್ಲಿ ಯಾರೂ ನಪಾಸಾಗಿಲ್ಲ. ಇವರು ಸನದಿನ ಪರೀಕ್ಷೆಗೆ ಓದುತ್ತಿದ್ದಾರೆ. ಒಂದು ವರ್ಷ ಅವಕಾಶ ಕೊಡಬೇಕೆಂದು ಕೇಳುತ್ತೇವೆ. ಅಷ್ಟೆ. ಪ್ರತಿಯೊಂದು ಸಾಲೂ ಗಾರೆ ನೆಲದ ಹಾಗೆ ನುಣುಪಾಗಿತ್ತು.

ಅವರು ಯಾಕೆ ತಿದ್ದಿದರು? ಬೇಡ ಎನ್ನಬಹುದಿತ್ತು. ಬೇರೆ ಯಾರಿಗಾದರೂ ತೋರಿಸಿ ಎನ್ನಬಹುದಿತ್ತು. ಕೆಟ್ಟ ವಾಕ್ಯ ಕಣ್ಣ ಮುಂದೆ ಇದ್ದರೆ ಅವರಿಗೆ ತಡೆಯಲು ಆಗುತ್ತಿರಲಿಲ್ಲ ಎಂದು ನಿಂಗಪ್ಪ ಹೇಳುತ್ತಾನೆ. ನನಗೆ ಬೇರೆ ಅನಿಸುತ್ತದೆ. ಆ ವರ್ಷ ಅವರಿಗೆ ಬೇಕಾಗಿತ್ತು. ಬಾಯಿ ಬಿಟ್ಟು ಕೇಳಲಾರದ ಮನುಷ್ಯ ಪೆನ್ಸಿಲಿನಿಂದ ಕೇಳಿದರು.

ಅರ್ಜಿಯನ್ನು ನಾನೇ ದುಂಡಗೆ ನಕಲು ಮಾಡಿದೆ. ಹೆಸರು ತುಂಬಿದೆ. ಐವರೂ ಸಹಿ ಹಾಕಿ ಅಂಚೆಗೆ ಕೊಟ್ಟೆವು.

ಉತ್ತರ ಒಂದೂವರೆ ತಿಂಗಳಿಗೆ ಬಂತು. ಹೆಡ್ ಮಾಸ್ತರರು ನಮ್ಮನ್ನೂ ಮಾಸ್ತರರನ್ನೂ ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಕಾಗದ ಓದಿದರು. ಇಂಗ್ಲಿಷಿನಲ್ಲೇ ಓದಿದರು. ಒಂದು ಶಬ್ದವನ್ನೂ ನಾವು ಕೇಳಿ ತಿಳಿಯಬೇಕಾಗಲಿಲ್ಲ. ಅರ್ಜಿಯ ಭಾಷೆ ಕೆಳಗೆ ಸಹಿ ಮಾಡಿದ ವಿದ್ಯಾರ್ಥಿಗಳ ಯೋಗ್ಯತೆಗೆ ಮೀರಿದ್ದು, ಆದ್ದರಿಂದ ಅದನ್ನು ಮಾಸ್ತರನೇ ಬರೆದು ಹುಡುಗರ ಕೈಯಲ್ಲಿ ಸಹಿ ಮಾಡಿಸಿದ್ದು ಸ್ಪಷ್ಟ. ಇಂಥವನಿಗೆ ವರ್ಷದ ಕೊನೆಯವರೆಗೂ ಅವಕಾಶ ಬೇಡ, ಕೂಡಲೇ ಬಿಡುಗಡೆ ಮಾಡತಕ್ಕದ್ದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ನಾವು ಬಡಬಡಿಸಿದೆವು. ನಾವೇ ಬರೆದದ್ದು, ಇಲ್ಲೇ ಕೂಡಿಸಿ, ಯಾವ ವಿಷಯ ಬೇಕಾದರೂ ಕೊಡಿ, ನಿಮ್ಮೆದುರು ಬರೆಯುತ್ತೇವೆ ಎಂದೆವು. ಪರೀಕ್ಷೆ ಮಾಡಿ ನೋಡು ಎಂದು ತಮಗೆ ಯಾರೂ ಬರೆದಿಲ್ಲವಲ್ಲ ಎಂದು ಹೆಡ್ ಮಾಸ್ತರರು ನಿಟ್ಟುಸಿರುಬಿಟ್ಟರು. ಆಮೇಲೆ ಕಾಗದ ಮಡಚಿಟ್ಟು, ನಮ್ಮ ಮಾಸ್ತರರ ಕಡೆ ತಿರುಗಿದರು. "ಮಾಸ್ಟರ್ ಸಾಬ್, ಈ ಅರ್ಜಿಗೆ ನಿಮ್ಮ ಕೈ ಹತ್ತಿಲ್ಲ ಅಂತ ಒಂದು ಮಾತು ಅನ್ರಿ. ಉಳಿದದ್ದು ನಾ ಬರೀತೀನಿ."

ನನ್ನ ನಾಲಿಗೆಯ ತುದಿಯಲ್ಲಿ ಇಲ್ಲ ಎಂಬ ಮಾತಿತ್ತು. ನಿಂಗಪ್ಪ ನನ್ನ ತೋಳನ್ನು ಹಿಡಿದುಕೊಂಡಿದ್ದ, ಬೇಗ ಹೇಳು ಎಂದೋ, ಹೇಳಬೇಡ ಎಂದೋ, ಇಂದಿಗೂ ಅವನನ್ನು ಕೇಳಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಮಾತಾಡಿದರು.

"ಬರದಾರ ಇವರು. ತಿದ್ದಿದಾಂವ ನಾನು. ತಿದ್ದೂದು ನನ್ನ ಕೆಲಸ ಐತ್ರಿ."

ಅವರ ಬೆರಳು ಅಂದು ಸುಮ್ಮನೆ ಇತ್ತು. ಹೆಡ್ ಮಾಸ್ತರರು ಲೇಖನಿ ಎತ್ತಿಕೊಂಡರು. ಇದನ್ನೇ ಬರೆಯಲೇ ಎಂದು ಕೇಳಿದರು. ಬರೆಯಿರಿ ಎಂದರು ಇವರು. ಆ ಉತ್ತರ ಕಚೇರಿಯಲ್ಲಿ ಹೇಗೆ ಓದಿಸಿಕೊಳ್ಳುತ್ತದೆ ಎಂದು ಆ ಕೋಣೆಯಲ್ಲಿದ್ದ ಏಳೂ ಜನರಿಗೆ ಗೊತ್ತಿತ್ತು. ಐದು ಜನ ಗಟ್ಟಿ ಆಳುಗಳು, ಮೀಸೆ ಬಂದವರು, ಗೋಡೆಗೆ ಒರಗಿ ನಿಂತಿದ್ದೆವು. ನಮ್ಮಿಂದ ಆಗುವಂಥದು ಒಂದೂ ಇರಲಿಲ್ಲ. ಅಷ್ಟು ಕೈಲಾಗದವನಾಗಿ ನಾನು ನಮ್ಮಪ್ಪನ ಹೆಣದ ಮುಂದೆಯೂ ನಿಂತಿಲ್ಲ.

ಮೂರನೆಯ ದಿನ ಅವರು ಮನೆ ಖಾಲಿ ಮಾಡಿದರು. ಚಕ್ಕಡಿಗೆ ಸಾಮಾನು ಏರಿಸಿದವರು ನಾವೇ. ಅವರ ಹೆಂಡತಿ ನಮ್ಮ ಕೈಗೆ ಒಂದೊಂದು ಶೇಂಗಾ ಉಂಡಿ ಇಟ್ಟು, ಚೆನ್ನಾಗಿ ಓದಿರಪ್ಪ ಎಂದರು. ಆ ತಾಯಿಗೆ ಅರ್ಜಿಯ ವಿಷಯ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದರೋ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ವರ್ಷ ಐವರೂ ಮೆಟ್ರಿಕ್ ಪಾಸಾದೆವು, ಇಂಗ್ಲಿಷಿನಲ್ಲಿ ಒಳ್ಳೆಯ ಗುಣಗಳೇ ಬಂದವು. ಯಾರೂ ಪೇಡೆ ಹಂಚಲಿಲ್ಲ.

ನನಗೆ ಕುಷ್ಟಗಿಯ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಇಂಗ್ಲಿಷ್ ಬರುತ್ತದೆಂದು ಜನ ಅರ್ಜಿ ಬರೆಸಿಕೊಳ್ಳಲು ಬರತೊಡಗಿದರು. ಮೊದಲ ಅರ್ಜಿಯಲ್ಲೇ ನನ್ನ ಕೈ ತಾನಾಗಿ ಒಂದು ಕೆಲಸ ಮಾಡಿತು. ಚೆನ್ನಾಗಿ ಬರೆದು ಮುಗಿಸಿ, ನಡುವೆ ಎರಡು ತಪ್ಪು ಬೇಕೆಂದೇ ಹಾಕಿತು. ಹಳ್ಳಿಯ ಮನುಷ್ಯ ಕಷ್ಟಪಟ್ಟು ಬರೆದದ್ದು ಎಂದು ಮೇಲಿನವರಿಗೆ ಅನಿಸಬೇಕಲ್ಲ. ಅಂದಿನಿಂದ ಅದೇ ನನ್ನ ಪದ್ಧತಿಯಾಯಿತು. ನಾನು ಬರೆದ ಅರ್ಜಿಗಳು ಹೆಚ್ಚಾಗಿ ಫಲಿಸುತ್ತವೆ ಎಂದು ಹೆಸರೂ ಬಂತು.

ಯುದ್ಧ ಮುಗಿದ ಮೇಲೆ ಒಮ್ಮೆ ಊರಿಗೆ ಹೋದಾಗ ಮಾಸ್ತರರು ಗಂಗಾವತಿಯಲ್ಲೇ ಇದ್ದಾರೆಂದು ತಿಳಿಯಿತು. ಒಬ್ಬ ಅಕ್ಕಿ ವ್ಯಾಪಾರಿಯ ಗೋದಾಮಿನಲ್ಲಿ ಚೀಲಗಳ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆಯುವ ಕೆಲಸ. ಹೋಗಿ ನೋಡಿದೆ. ಕುಂಚ ಹಿಡಿದು ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕಣ್ಣು ಮಂದವಾಗಿತ್ತು, ಅಕ್ಷರಗಳು ಮಾತ್ರ ಮೊದಲಿನ ಹಾಗೇ ನೆಟ್ಟಗಿದ್ದವು. ನನ್ನನ್ನು ಗುರುತು ಹಿಡಿದು, ಉಳಿದ ನಾಲ್ವರ ಹೆಸರು ಹೇಳಿ ಒಬ್ಬೊಬ್ಬರನ್ನೂ ಕೇಳಿದರು. ಹಳೆಯದನ್ನು ಎತ್ತಲಿಲ್ಲ.

ನನ್ನ ಚೀಲದಲ್ಲಿ ಆಗ ಒಂದು ಅರ್ಜಿಯ ಕರಡು ಇತ್ತು. ದಂಡಿನಲ್ಲಿ ಸತ್ತವನ ಹೆಂಡತಿ, ಸಾಣಾಪುರದ ಹೆಣ್ಣುಮಗಳು, ಪಿಂಚಣಿಗಾಗಿ ಬರೆಸಿದ್ದು. ಏನು ಬರೆಯುತ್ತೀ ಈಗ ಎಂದು ಅವರು ಕೇಳಿದ್ದಕ್ಕೆ ಅದನ್ನು ತೆಗೆದು ಓದಿದೆ. ಹೊಗಳಿಸಿಕೊಳ್ಳುವ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲ ಕಣ್ಣಿಗೆ ಕಂಡ ಸಂಗತಿಗಳು, ಒಂದು ಶಬ್ದ ಹೆಚ್ಚಿಲ್ಲ. ಅವರು ತಲೆದೂಗುತ್ತ ಕೇಳಿದರು. ಮೊದಲ ತಪ್ಪು ಬಂದಾಗ ತಲೆ ನಿಂತಿತು. ಎರಡನೆಯದು ಬಂದಾಗ ಕುಂಚ ಕೆಳಗಿಟ್ಟು, ಕಾಗದಕ್ಕೆ ಕೈ ಚಾಚಿದರು. ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಆ ಎರಡು ಜಾಗಗಳನ್ನು ಹುಡುಕಿದರು.

"ಇವು ನಿನ್ನ ತಪ್ಪಲ್ಲ" ಎಂದರು. "ಬೇಕಂತ ಹಾಕೀದಿ."

"ಹೌದ್ರಿ" ಎಂದೆ. "ತಪ್ಪಿದ್ರ ನಂಬತಾರ್ರಿ."

ಅವರು ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ತಿದ್ದಿಬಿಡಲಿ ಎಂದು ನನಗೆ ಎಷ್ಟು ಅನಿಸಿತೆಂದರೆ, ಕಿಸೆಯಿಂದ ಪೆನ್ಸಿಲ್ ತೆಗೆದು ಅವರ ಮೊಣಕಾಲಿನ ಬಳಿ ಇಟ್ಟೆ. ಅವರು ಅದರತ್ತ ನೋಡಿದರು. ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟರು.

"ಇರಲಿ ಬಿಡು. ಆ ಹೆಣ್ಣಮಗಳ ಕೆಲಸ ಆಗಲಿ."

ಅರ್ಜಿ ಹಾಗೆಯೇ ಹೋಯಿತು. ಎರಡು ತಿಂಗಳಲ್ಲಿ ಮಂಜೂರಾಗಿ ಬಂತು. ಅದನ್ನು ಹೇಳಲು ಒಮ್ಮೆ ಗೋದಾಮಿನ ಬಾಗಿಲವರೆಗೆ ಹೋದೆ. ಅವರು ನನಗೆ ಬೆನ್ನು ಮಾಡಿ ಚೀಲದ ಮೇಲೆ ಬರೆಯುತ್ತಿದ್ದರು. ಕರೆಯಲಿಲ್ಲ, ಹಾಗೇ ಹಿಂದಿರುಗಿ ಬಂದೆ.